ಕೈ ಎಟುಕದ ಜಾಗ

ಮೂರು ದಿನದ ರಜೆಗೆ ಕೆರೆ ದಂಡೆಯ ವಸತಿಗೃಹಕ್ಕೆ ಹೊರಟವರ ಚೀಲದಲ್ಲಿ ಚಳಿಗಾಲದ ಸ್ವೆಟರುಗಳೇಕೆ, ಶಾಲೆಯ ಪುಸ್ತಕಗಳೇಕೆ ಎಂದು ಮಕ್ಕಳು ಕೇಳಲಿಲ್ಲ. ಅವರವರ ಸಂಕಟವೇ ಅವರಿಗೆ ಬೆಟ್ಟದಷ್ಟಿತ್ತು. ಮಗಳಿಗೆ ಗೆಳತಿಯ ಹುಟ್ಟುಹಬ್ಬ ತಪ್ಪಿತ್ತು. ಅವಳ ತಮ್ಮ ಗುಂಡನಿಗೆ ಭಾನುವಾರ ಓಣಿಯ ಹುಡುಗರ ಪಂದ್ಯವಿತ್ತು.

"ಯಾರಿಗೆ ಬೇಕಿತ್ತಮ್ಮ ಈ ಪ್ರವಾಸ? ಏನಿದೆ ಅಲ್ಲಿ? ನೀರು ತಾನೆ? ಅದು ನಮ್ಮ ನಲ್ಲೀಲೂ ಬರುತ್ತೆ," ಎಂದು ಬಸ್ಸಿನಲ್ಲಿ ಮಗಳು ಮುಖ ಊದಿಸಿದಳು.

"ದಿನ ಬಿಟ್ಟು ದಿನ," ಎಂದ ಗುಂಡ.

ತಾಯಿ ನಕ್ಕಳು. ನಗುತ್ತಲೇ ಹಿಂದಿನ ಕಿಟಕಿಯತ್ತ ಒಮ್ಮೆ ತಿರುಗಿ ನೋಡಿದಳು.

ಆಸ್ಪತ್ರೆಯ ಹಾಸು ಹೊದಿಕೆ ಒಗೆಯುವ ಕಡೆ ಅವಳದು ಇಸ್ತ್ರಿಯ ಕೆಲಸ. ಬೇರೊಂದು ಊರಿನಲ್ಲಿ ಅಂಥದ್ದೇ ಕೆಲಸ, ಹಿತ್ತಿಲಲ್ಲೊಂದು ಕೋಣೆ ಗೊತ್ತಾಗಿತ್ತು. ಆದರೆ ರಜೆ ಮುಗಿಯುವ ತನಕ ಆ ಕೋಣೆಯ ಬೀಗ ತೆಗೆಯುವವರಿಲ್ಲ. ಲಾರಿ ಓಡಿಸುವ ಗಂಡ ದೂರದ ಬಾಡಿಗೆಗೆ ಹೋದವನು ಸೋಮವಾರ ಮನೆಗೆ ಬರುವವನು. ಅಷ್ಟರೊಳಗೆ ಅವನ ಕಣ್ಣಿಗೆ ಬೀಳದಷ್ಟು ದೂರ ಸೇರಿಬಿಟ್ಟರೆ ಬದುಕಿದಂತೆ.

ಇದನ್ನು ಮಕ್ಕಳಿಗೆ ಹೇಗೆ ಹೇಳುವುದು? ಅಪ್ಪನೆಂದರೆ ಅವರಿಗೆ ಜೀವ. ಅವರ ಮೇಲೆ ಅವನು ಒಂದು ದಿನವೂ ಕೈ ಎತ್ತಿದವನಲ್ಲ. ಓಣಿಯ ತಿರುವಿನಲ್ಲಿ ಅವನ ಲಾರಿಯ ಹಾರ್ನು, ಎರಡು ಗಿಡ್ಡ, ಒಂದು ಉದ್ದ, ಕೇಳಿದರೆ ಸಾಕು, ಗುಂಡ ತಟ್ಟೆ ಬಿಟ್ಟು ಎಂಜಲು ಕೈಯಲ್ಲೇ ಓಡುತ್ತಿದ್ದ. ಮಿಕ್ಕದ್ದೆಲ್ಲ ಮಕ್ಕಳು ಶಾಲೆಗೆ ಹೋದ ಮೇಲೆ, ಬಾಗಿಲಿಗೆ ಚಿಲಕ ಹಾಕಿಕೊಂಡು. ಅದಕ್ಕೂ ಇಸ್ತ್ರಿಪೆಟ್ಟಿಗೆಯನ್ನೇ ಆರಿಸಿಕೊಂಡಿದ್ದ, ಜಾಣ. "ಯಾರಾದ್ರೂ ಕೇಳಿದ್ರೆ ಕೆಲಸದಲ್ಲಿ ತಾಗಿತು ಅನ್ನು," ಎಂದು ತಾನೇ ಹೇಳಿಕೊಟ್ಟಿದ್ದ. ಅವಳೂ ಹಾಗೇ ಅನ್ನುತ್ತ ಬಂದಳು. ತೋಳಿನ ಮೇಲಿನ ಕಲೆ ಕಂಡಾಗಲೆಲ್ಲ ಮಗಳು, "ಇಷ್ಟು ವರ್ಷ ಆದ್ರೂ ಬಟ್ಟೆ ಯಾವುದು, ಚರ್ಮ ಯಾವುದು ಗೊತ್ತಾಗಲ್ವಾ ನಿಂಗೆ?" ಎಂದು ಛೇಡಿಸುತ್ತಿದ್ದಳು. ತಾಯಿಯೂ ಕೂಡಿ ನಗುತ್ತಿದ್ದಳು.

ಬಂದ ಸಂಜೆ ಹೇಳಬೇಕೆಂದುಕೊಂಡಳು. ಕೋಣೆಯ ಗೋಡೆಗೆ ಮುಖ ಮಾಡಿ ಮಲಗಿದ್ದ ಇಬ್ಬರನ್ನೂ ನೋಡಿ ಬಾಯಿ ಬರಲಿಲ್ಲ. ಒಂದು ದಿನವಾದರೂ ನಗುನಗುತ್ತ ಇರಲಿ, ನಾಳೆ ಹೇಳಿದರಾಯಿತು ಎಂದು ಮುಂದೆ ಹಾಕಿದಳು. ತನ್ನ ಫೋನು ಕೆಟ್ಟಿದೆ ಎಂದು ಹೇಳಿ ಚೀಲದ ತಳಕ್ಕೆ ತುರುಕಿದಳು.

ಮರುದಿನ ಮಧ್ಯಾಹ್ನ ಮೂವರೂ ದೋಣಿ ಹತ್ತಿದರು. ಗುಂಡ ಎದ್ದು ಕುಣಿದ, ದೋಣಿ ವಾಲಿತು, ತಾಯಿ ಕುತ್ತಿಗೆಯ ತನಕ ನೀರಿಗೆ ಬಿದ್ದು ಅಂಚು ಹಿಡಿದು ನೇತಾಡಿದಳು. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗು ಕೇಳಿ ಅವಳ ಎದೆ ಹಗುರಾಯಿತು. ಅದೇ ಹಗುರದಲ್ಲಿ ಕೋಣೆಗೆ ಬಂದವಳು, ಎಂದಿನಂತೆ ಗೋಡೆಗೆ ಬೆನ್ನು ಕೊಟ್ಟು ಬಟ್ಟೆ ಬದಲಾಯಿಸುವುದನ್ನು ಮರೆತಳು.

ಟವೆಲು ತಂದ ಮಗಳು ಬಾಗಿಲಲ್ಲೇ ನಿಂತುಬಿಟ್ಟಳು.

"ಅಮ್ಮ, ಬೆನ್ನ ಮೇಲೆ ಏನದು?"

"ಅದಾ? ಇಸ್ತ್ರಿಪೆಟ್ಟಿಗೆ..." ಎಂದವಳ ಮಾತು ಅಲ್ಲಿಗೇ ನಿಂತಿತು. ಹನ್ನೆರಡು ವರ್ಷ ಕೈ ಬಿಡದಿದ್ದ ಸುಳ್ಳು, ಇಂದು ಕೈಕೊಟ್ಟಿತು.

ಮಗಳು ಹತ್ತಿರ ಬಂದಳು. ಎರಡು ಹೆಗಲೆಲುಬುಗಳ ನಡುವೆ, ಮೂತಿ ಚೂಪಾಗಿ, ಅಚ್ಚೊತ್ತಿದ ಹಾಗೆ ಸುಟ್ಟ ಕಲೆ ಇತ್ತು. ಮುಟ್ಟಲು ಬೆರಳು ಚಾಚಿ ಹಿಂದಕ್ಕೆಳೆದುಕೊಂಡಳು.

"ಅಪ್ಪನಾ?"

ತಾಯಿ ಒದ್ದೆ ರವಿಕೆಯನ್ನೇ ಎದೆಗೆ ಒತ್ತಿಕೊಂಡು ಮಂಚದ ಮೇಲೆ ಕೂತಳು.

ಮಗಳ ಮುಖ ಸುಣ್ಣದ ಹಾಗಾಯಿತು. "ಅಮ್ಮ... ಬೆಳಿಗ್ಗೆ ಗುಂಡ ಕಾವಲಿನ ಅಜ್ಜನ ಫೋನಿಂದ ಅಪ್ಪನಿಗೆ ಮಾಡಿದ. ಬಂದು ಕರ್ಕೊಂಡು ಹೋಗು ಅಂತ. ಮಾಡು ಅಂತ ಹೇಳಿಕೊಟ್ಟಿದ್ದು ನಾನೇ."

"ಏನಂದ?"

"ಅಲ್ಲೇ ಇರಿ, ಬರ್ತಾ ಇದೀನಿ ಅಂದ. ಅಮ್ಮನಿಗೆ ಹೇಳಬೇಡಿ, ಸರ್‌ಪ್ರೈಸ್ ಅಂದ."

ತಾಯಿ ಕೈಗೆ ಸಿಕ್ಕಿದ್ದನ್ನು ಉಟ್ಟುಕೊಂಡು ಅಜ್ಜನ ಬಳಿ ಓಡಿದಳು. ಬಸ್ಸು ಇನ್ನು ಬೆಳಿಗ್ಗೆಗೇ. ಇರುವುದು ಒಂದೇ ರಸ್ತೆ. "ಯಾರಾದರೂ ಬಂದರೆ ನಾವು ಹೊರಟುಹೋದೆವು ಅನ್ನಿ ಅಜ್ಜ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದಳು.

ಅಜ್ಜ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕ. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಕಣಮ್ಮ. ಹುಡುಗ ಎಷ್ಟು ಖುಷಿಯಾಗಿದ್ದ ಗೊತ್ತಾ?"

ಅಜ್ಜನ ಫೋನಿನಿಂದಲೇ ಪೊಲೀಸರಿಗೆ ಮಾಡಿದಳು. ಗಂಡ ಏನಾದರೂ ಮಾಡಿದನೇ ಎಂದು ಕೇಳಿದರು. ಇನ್ನೂ ಬಂದಿಲ್ಲ ಎಂದಳು. ಬರಲಿ, ನೋಡೋಣ ಎಂದರು.

ಅವಳು ವಾಪಸು ಬಂದಾಗ ಮಗಳು ಚೀಲ ತುಂಬುತ್ತಿದ್ದಳು. ಗುಂಡ ಅವಳು ತುಂಬಿದ್ದನ್ನೆಲ್ಲ ಹೊರಕ್ಕೆ ಎಸೆಯುತ್ತಿದ್ದ.

"ಕೆರೆ ಸುತ್ತಿ ನಡ್ಕೊಂಡು ಹೋಗೋದಂತೆ! ಹುಚ್ಚು ಹಿಡಿದಿದೆಯಾ ನಿಮಗೆ? ಅಪ್ಪ ಲಾರಿ ತರ್ತಾನೆ. ನಾಳೆ ಪಂದ್ಯಕ್ಕೆ ಬಿಡ್ತೀನಿ ಅಂದಿದಾನೆ. ನಾನು ಬರಲ್ಲ!"

"ಗುಂಡ, ಬಾ ಇಲ್ಲಿ," ಎಂದಳು ಅಕ್ಕ. ತಾಯಿ ಬೇಡವೆಂದು ತಲೆಯಾಡಿಸಿದರೂ ಅವಳನ್ನು ಮೆಲ್ಲಗೆ ತಿರುಗಿಸಿ, ಸೆರಗು ಸರಿಸಿ, ರವಿಕೆಯ ಬೆನ್ನು ಕೆಳಗೆಳೆದು ತೋರಿಸಿದಳು. "ನೋಡು. ಕೆಲಸದಲ್ಲಿ ತಾನೇ ಸುಟ್ಕೊಂಡಿದ್ದು ಅಂತೆ. ನಿನ್ನ ಕೈ ನಿನ್ನ ಬೆನ್ನಲ್ಲಿ ಅಲ್ಲಿಗೆ ಮುಟ್ಟುತ್ತಾ, ಮುಟ್ಟಿಸು."

ಗುಂಡ ಕೈಯನ್ನು ಹೆಗಲ ಮೇಲಿಂದ ಹಿಂದಕ್ಕೆ ಹಾಕಿದ. ಎಟುಕಲಿಲ್ಲ. ಸೊಂಟದ ಕಡೆಯಿಂದ ಮೇಲಕ್ಕೆ ತಂದ. ಇನ್ನೊಂದು ಕೈಯಲ್ಲೂ ನೋಡಿದ. ಮೊಣಕೈಯನ್ನು ಗೋಡೆಗೆ ಒತ್ತಿಕೊಂಡು, ನಾಲಿಗೆ ಕಚ್ಚಿಕೊಂಡು, ಮತ್ತೆ ಮತ್ತೆ ನೋಡಿದ. ಹೇಗಾದರೂ ಎಟುಕಿಬಿಟ್ಟರೆ ಎಲ್ಲವೂ ಮೊದಲಿನಂತೆ ಆಗಿಬಿಡುತ್ತದೆ ಎಂಬ ಹಾಗೆ.

"ಸಾಕು ಕಂದ," ಎಂದಳು ತಾಯಿ.

ಆಗ ಕೇಳಿತು. ಎರಡು ಗಿಡ್ಡ, ಒಂದು ಉದ್ದ.

ಗುಂಡನ ಕಾಲುಗಳು ರೂಢಿಯಂತೆ ಬಾಗಿಲಿಗೆ ಓಡಿದವು. ಅವನು ಅಗುಳಿ ಹಾಕಿದ. ಕಡ್ಡಿಯಷ್ಟು ತೆಳ್ಳಗಿನ ಅಗುಳಿ. ಲಾರಿಯ ಚಕ್ರ ಬಿಚ್ಚುವ ಕೈಗೆ ಅದು ಯಾವ ಲೆಕ್ಕ ಎಂದು ತಾಯಿಗೆ ಗೊತ್ತಿತ್ತು. ಅಕ್ಕ ತಮ್ಮ ಇಬ್ಬರೂ ಸೇರಿ ಮಂಚವನ್ನು ಬಾಗಿಲಿಗೆ ಎಳೆಯತೊಡಗಿದರು.

ಹೊರಗೆ ಅಜ್ಜನ ಹಿಗ್ಗಿನ ದನಿ ಕೇಳಿಸಿತು: "ಬನ್ನಿ, ಬನ್ನಿ. ಒಳಗೇ ಇದಾರೆ."