ಹದಿನೆಂಟರ ಗೆರೆ

ಅಫಜಲಪುರ ರಸ್ತೆಯ ಎಣ್ಣೆ ಕಾರ್ಖಾನೆಯಲ್ಲಿ ಬ್ರೇಕರ್ ಸಿಡಿದು ಆಪರೇಟರ್ ಸೂರ್ಯಕಾಂತನ ಬಲಗೈ ಸುಟ್ಟು ಒಂಬತ್ತು ದಿನವಾಗಿತ್ತು. ತಪ್ಪು ಅವನದೇ ಎಂದು ಬರೆದು ಮ್ಯಾನೇಜರ್ ಅಣ್ಣಾರಾಯ ಅವನನ್ನು ಸಸ್ಪೆಂಡ್ ಮಾಡಿದ್ದ. ಮರುದಿನ ತನಿಖೆಗೆ ಸರಕಾರದ ವಿದ್ಯುತ್ ಇನ್‌ಸ್ಪೆಕ್ಟರ್ ಬರುವವರಿದ್ದರು. ಕೇಬಲ್ ಶಾರ್ಟ್ ಆದ ಗಳಿಗೆಯಲ್ಲಿ ಎಷ್ಟು ಕರೆಂಟ್ ನುಗ್ಗಿತ್ತೆಂದು ಇಂಜಿನಿಯರ್ ಮೆಹನಾಜ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಸಿ ಗ್ರಾಫ್ ತೆಗೆದಿದ್ದಳು. ಆ ಬ್ರೇಕರ್ ತಾಳುವುದು ಹದಿನೆಂಟು ಕಿಲೋ ಆಂಪಿಯರ್. ಗ್ರಾಫಿನ ಗೆರೆ ಇಪ್ಪತ್ತೊಂದಕ್ಕೆ ಜಿಗಿದಿತ್ತು.

ಅಣ್ಣಾರಾಯ ಅವಳ ಕುರ್ಚಿಯ ಬೆನ್ನು ಹಿಡಿದು ಬಗ್ಗಿದ. "ಎರಡನೇ ಟ್ರಾನ್ಸ್‌ಫಾರ್ಮರ್ ಲೆಕ್ಕದಾಗಿಂದ ತಗದು ಮತ್ತೊಮ್ಮಿ ಓಡಸ್ರಿ."

"ಆವತ್ತ ಎರಡೂ ಕೂಡೇ ಚಾಲೂ ಇದ್ದುವಲ್ರಿ."

"ತಗೀರಿ ಅಂದ್ನಿ."

ತೆಗೆದಳು. ಗೆರೆ ಹತ್ತೂವರೆಗೆ ಇಳಿಯಿತು. ಈಗ ಬ್ರೇಕರ್ ಗಟ್ಟಿ, ತಪ್ಪೆಲ್ಲ ಸೂರ್ಯಕಾಂತನದು.

"ಇದನ್ನ ಪ್ರಿಂಟ್ ಕೊಡ್ರಿ. ಹೋದ ವರ್ಷ ಎರಡನೇದು ಕೂಡಿಸಿದಾಗ, ಬ್ರೇಕರ್ ತಾಳ್ತದ ಅನ್ನೋ ಹಳೇ ರಿಪೋರ್ಟಿಗೆ ಹೊಸಾ ತಾರೀಖ ಹಾಕಿ ಸಹಿ ಮಾಡಿದವ್ರು ನೀವ. ನಾ ಮುಳುಗಿದ್ರ ಒಬ್ಬನ ಮುಳುಗೂದಿಲ್ಲ."

ಸುಳ್ಳಲ್ಲ. ಅವನು ಅವಸರ ಮಾಡಿದ್ದ; ಅವಳು ಹೊಸದಾಗಿ ಲೆಕ್ಕ ಮಾಡದೆ ಸಹಿ ಹಾಕಿದ್ದಳು.

ಸಂಜೆ ಸೂರ್ಯಕಾಂತನ ಊರು ನಿಂಬರ್ಗಾಕ್ಕೆ ಹೋದಳು. ಅವನ ಹೆಂಡತಿ ಪಂಚಶೀಲಾ ಬಾಗಿಲಿಗೆ ಅಡ್ಡ ನಿಂತಳು, ಒಳಗೆ ಕರೆಯಲಿಲ್ಲ. ಹೊರಗೆ ನಿಂತೇ ಮೆಹನಾಜ ಎಲ್ಲ ಹೇಳಿದಳು.

ಸೂರ್ಯಕಾಂತ ಬ್ಯಾಂಡೇಜಿನ ಕೈ ಎದೆಗೊತ್ತಿಕೊಂಡು ಹಿಂದೆ ಬಂದು ನಿಂತ. "ಸಹಿ ಮಾಡುವಾಗ ಗೊತ್ತಿತ್ತೇನ್ರಿ ನಿಮಗ?"

"ಇಲ್ರಿ. ಲೆಕ್ಕ ಮಾಡಬೇಕಿತ್ತು, ಮಾಡಲಿಲ್ಲ. ಮಾಫ್ ಮಾಡ್ರಿ."

"ನಾಳೆ ಸಾಹೇಬರ ಮುಂದ ಬಾಯಿ ತಗೀರಿ. ಇಲ್ಲಿ ಬರಬ್ಯಾಡ್ರಿ."

ಪಂಚಶೀಲಾ ಬಾಗಿಲು ರಪ್ಪನೆ ಮುಚ್ಚಿದಳು.

ಮರುದಿನ ಅಣ್ಣಾರಾಯ ಹತ್ತೂವರೆಯ ಗ್ರಾಫನ್ನು ಇನ್‌ಸ್ಪೆಕ್ಟರ್ ಮುಂದಿಟ್ಟ. ಮೆಹನಾಜ ಅದರ ಮೇಲೆ ಇಪ್ಪತ್ತೊಂದರದ್ದನ್ನು ಇಟ್ಟಳು. "ಖರೇದು ಇದ್ರಿ. ಹೋದ ವರ್ಷದ ರಿಪೋರ್ಟ್ ಖೊಟ್ಟಿ. ಅದರ ಮ್ಯಾಲಿನ ಸಹಿ ನಂದ."

"ತಲಿ ಕೆಟ್ಟದ್ರಿ ಈಕಿದು!" ಅಣ್ಣಾರಾಯ ಹಾಳೆಗೆ ಕೈ ಹಾಕಿದ. ಇನ್‌ಸ್ಪೆಕ್ಟರ್ ಅದನ್ನು ತಮ್ಮ ಕಡೆಗೆ ಎಳೆದುಕೊಂಡರು.

ತಿಂಗಳೊಳಗೆ ಎರಡನೇ ಟ್ರಾನ್ಸ್‌ಫಾರ್ಮರ್ ಬಿಚ್ಚಿಸಿದರು. ಸೂರ್ಯಕಾಂತನನ್ನು ಮರಳಿ ಕರೆದರು. ಅಣ್ಣಾರಾಯನ ಮೇಲೆ ಕೇಸಾಯಿತು. ಮೆಹನಾಜಳ ನೌಕರಿ ಹೋಯಿತು. ಕಾಗದಪತ್ರ ತೆಗೆದುಕೊಂಡು ಬಸ್ ಹತ್ತಿದಾಗ ಖಾಲಿ ಉಳಿದದ್ದು ಒಂದೇ ಸೀಟು, ಪಂಚಶೀಲಾಳ ಪಕ್ಕದ್ದು. ಪಂಚಶೀಲಾ ಅವಳನ್ನು ನೆಟ್ಟಗೆ ನೋಡಿದಳು. ಸೀಟಿನ ಮೇಲಿದ್ದ ಚೀಲ ಮಾತ್ರ ತೆಗೆಯಲಿಲ್ಲ. ಮೆಹನಾಜ ಮೇಲಿನ ಸರಳು ಹಿಡಿದಳು. ಕಲಬುರಗಿಯವರೆಗೂ ನಿಂತೇ ಹೋದಳು.