ದ್ಯಾವಪ್ಪ ಮೂರು ಸಲ ಹತ್ತಿದ ಕೋಟೆ

ಎಳ್ಳಮಾವಾಸ್ಯೆಗೆ ಇನ್ನು ನಾಲ್ಕು ದಿನವಿತ್ತು. ಊರ ಕಡೆ ಜೋಳ ಆಳೆತ್ತರಕ್ಕೆ ನಿಂತು ತೆನೆ ಬಿಡುವ ಕಾಲ. ಇಲ್ಲಿ ತೆಲುಗು ಸೀಮೆಯ ಉಪ್ಪಲ್‌ನಲ್ಲಿ ಏಳುತ್ತಿದ್ದ ಐದಂತಸ್ತಿನ ಕಟ್ಟಡದೊಳಗೆ ಬೆಳಗಿನ ಥಂಡಿ ಇನ್ನೂ ಬಿಟ್ಟಿರಲಿಲ್ಲ. ಕಲಸಿದ ಸಿಮೆಂಟು ಮುಟ್ಟಿದರೆ ಬೆರಳು ಸೆಟೆಯುತ್ತಿದ್ದವು. ನಾಲ್ಕನೆಯ ಅಂತಸ್ತಿನಲ್ಲಿ ಯಾದಗಿರಿ ಕಡೆಯ ದ್ಯಾವಪ್ಪ ಮೊಣಕಾಲೂರಿ ನೆಲಕ್ಕೆ ಟೈಲ್ಸ್ ಕೂಡಿಸುತ್ತಿದ್ದ.

ಲಿಫ್ಟಿನ ಜಾಗದಲ್ಲಿ ಇನ್ನೂ ಬರೀ ತೂತಿದ್ದುದರಿಂದ ಕಲಸಿದ ಮಾಲು ಮೆಟ್ಟಿಲುಗಳ ಮೇಲೆ ಕೈಯಿಂದ ಕೈಗೆ ಬರಬೇಕು. ತಳದಲ್ಲಿ ಅವನ ಹೆಂಡತಿ ಶಂಕ್ರಮ್ಮ ಸಲಿಕೆಯಿಂದ ಕಬ್ಬಿಣದ ಬುಟ್ಟಿ, ಅಂದರೆ ತಗಾರಿ, ತುಂಬುತ್ತಿದ್ದಳು. ನಡುವೆ ಸಾಲಾಗಿ ಹೆಂಗಸರು. ಮೇಲಿನ ತುದಿಯಲ್ಲಿ, ಮದುವೆಯಾಗಿ ವರ್ಷ ತುಂಬದ ಭಾಗ್ಯಶ್ರೀ. ತುಂಬಿದ ತಗಾರಿಯ ಜೊತೆ ಕೆಳಗಿನ ಮಾತು ಮೇಲೆ ಬರುತ್ತಿತ್ತು, ಖಾಲಿ ತಗಾರಿಯ ಜೊತೆ ಮೇಲಿನ ಉತ್ತರ ಇಳಿಯುತ್ತಿತ್ತು.

“ಮಾಮಾ, ಶಂಕ್ರತ್ತಿ ಕೇಳಾಕತ್ತಾಳ, ಅಮಾಸಿಗೆ ಕೆಲಸ ಬಂದ್ ಹೌದಲ್ಲೋ?” ಎಂದಳು ಭಾಗ್ಯಶ್ರೀ.

“ಅಮಾಸಿ ದಿನ ಯಾವ ಮೇಸ್ತ್ರಿ ಕೆಲಸ ಮಾಡಸ್ತಾನ? ಬಂದ್ ಅನ್ನು.”

ಮೂರು ತಗಾರಿ ಸುಮ್ಮನೆ ಬಂದವು. ನಾಲ್ಕನೆಯದರ ಜೊತೆ ಮಾತು ಬಂತು.

“ಹಂಗಾರ ಎಲ್ಲಾರೂ ಭೋಂಗೀರ್ ಕ್ವಾಟಿಗೆ ಹೋಗೂನಂತ. ಊರಾಗಿನ ಹೊಲ ಅಂತೂ ಸಿಗಂಗಿಲ್ಲ, ಆ ಗುಡ್ಡದ ಮ್ಯಾಲರೆ ಚರಗ ಚೆಲ್ಲೂನಂತ.”

ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆ ಹಿಡಿದು, ಕಡುಬು, ಕಾಳುಪಲ್ಯದ ಭಜ್ಜಿ ಕಲಸಿದ ಚರಗವನ್ನು ಪೈರಿಗೆಲ್ಲ ಚೆಲ್ಲಿ, ಆಮೇಲೆ ಕೂತು ಉಣ್ಣಬೇಕು. ಮೂರು ವರ್ಷದಿಂದ ಶಂಕ್ರಮ್ಮನಿಗೆ ಅದು ಕೂಡಿಬಂದಿರಲಿಲ್ಲ. ಹೋದ ವರ್ಷ ತಾಳಲಾರದೆ ತಾವಿರುವ ಶೆಡ್ಡಿನ ಮುಂದಿನ ಕಬ್ಬಿಣದ ಸಳಿಗಳ ರಾಶಿಗೇ ಚೆಲ್ಲಿ, ವಾಚ್‌ಮನ್ ಕೈಲಿ ತೆಲುಗಿನಲ್ಲಿ ಬೈಸಿಕೊಂಡಿದ್ದಳು.

ಸಿಮೆಂಟು ಸವರುತ್ತಿದ್ದ ದ್ಯಾವಪ್ಪನ ಕರಣಿ ನಿಂತೇಬಿಟ್ಟಿತು. ಭೋಂಗೀರ್ ಕೋಟೆಯನ್ನು ತಾನು ಮೂರು ಸಲ ಹತ್ತಿದ್ದೇನೆಂದು ಅವನು ನಾಲ್ಕು ವರ್ಷದಿಂದ ಹೇಳಿಕೊಂಡು ಬಂದಿದ್ದ. ಹತ್ತಿದ್ದು ಒಂದೇ ಸಲ, ಅದೂ ನಲವತ್ತು ಮೆಟ್ಟಿಲು. ಆ ಊರಿಗೆ ನೆಲಕ್ಕೆ ಫರಸಿಕಲ್ಲು ಹಾಕುವ ಕೆಲಸಕ್ಕೆ ಹೋದಾಗ ಹುರುಪಿನಿಂದ ಏರಿ, ನಲವತ್ತನೆಯ ಮೆಟ್ಟಿಲಲ್ಲಿ ತಿರುಗಿ ನೋಡಿದ್ದ. ಕೆಳಗಿನ ಬಸ್ಸುಗಳು ಕಡ್ಡಿಪೆಟ್ಟಿಗೆಯಷ್ಟು ಕಂಡವು. ಕೂತುಕೊಂಡೇ ಒಂದೊಂದು ಮೆಟ್ಟಿಲು ಜಾರಿ ಇಳಿದ. ಪೈಜಾಮದ ಹಿಂಭಾಗ ಅಲ್ಲೇ ಸವೆದುಹೋಯಿತು. ಕೋಟೆಯ ಮೇಲೆ ಏನೇನಿದೆ ಎಂಬುದನ್ನು ಚಹದಂಗಡಿಯವನಿಂದ ಕೇಳಿಕೊಂಡು ಬಂದಿದ್ದ.

ಎತ್ತರದ ಕಟ್ಟಡಗಳಲ್ಲೇ ಇಪ್ಪತ್ತು ವರ್ಷ ದುಡಿದವನ ಈ ಅಂಜಿಕೆ ಯಾರಿಗೂ ಗೊತ್ತಾಗಿರಲಿಲ್ಲ. ನೆಲ ಹಾಕುವವನು ಒಂದು ಅಂತಸ್ತಿಗೆ ಕಾಲಿಡುವುದೇ ಸುತ್ತ ಗೋಡೆ ಎದ್ದಮೇಲೆ.

“ಅಲ್ಲಿ ಮಂಗ್ಯಾ ಭಾಳ ಅದಾವ, ರೊಟ್ಟಿ ಗಂಟು ಉಳಸಂಗಿಲ್ಲ ಅನ್ನು,” ಎಂದು ಖಾಲಿ ತಗಾರಿ ಇಳಿಸಿದ.

ಉತ್ತರ ಬಂತು: “ಮಂಗ್ಯಾನ ಸಲುವಾಗಿ ಇಪ್ಪತ್ತು ಕಡುಬು ಹೆಚ್ಚಿಗಿ ಮಾಡ್ತಾಳಂತ. ಅವಕ್ಕೂ ಹಬ್ಬ ಅಲ್ಲೇನಂತ.”

“ಬರೇ ಕಲ್ಲಿನ ಗುಡ್ಡ ಅದು. ಕಲ್ಲಿನ ಮ್ಯಾಲ ಚರಗ ಚೆಲ್ಲಿದ್ರ ಭೂಮಿತಾಯಿಗೆ ಹ್ಯಾಂಗ ಮುಟ್ತದ?”

“ಮ್ಯಾಲ ಹೊಂಡ ಐತಿ, ಸುತ್ತ ಮೊಣಕಾಲುದ್ದ ಹುಲ್ಲೈತಿ ಅಂತ ನೀವ ಹೇಳೀರಂತ. ಎರಡನೇ ಸಲ ಹೋಗಿ ಬಂದಾಗ.”

ಪಕ್ಕದಲ್ಲಿ ಟೈಲ್ಸ್ ಕೊಯ್ಯುತ್ತಿದ್ದ ಮಲ್ಲಣ್ಣ ಮಶೀನು ನಿಲ್ಲಿಸಿದ. “ಮೂರನೇ ಸಲ ಬಂದಾಗ, ನೂರು ಮಂದಿ ಕುಂತು ಉಣ್ಣೂವಷ್ಟು ಜಾಗ ಐತಿ ಅಂದಿದ್ದಿ ಕಾಕಾ.”

“ನೀ ಕಲ್ಲು ಕೊಯ್ಯಿ.”

“ಕೊಯ್ಯಾಕತ್ತೀನಲ್ಲ. ನಮ್ಮ ಕಲ್ಯಾಣದ ರಾಜ ಕಟ್ಟಿಸಿದ್ದಂತ ಹೇಳಿದಾಂವನೂ ನೀನ. ನಮ್ಮವರು ಕಟ್ಟಿಸಿದ್ದು ನಾವು ನೋಡಬಾರದೇನು?”

ದ್ಯಾವಪ್ಪನ ಬತ್ತಳಿಕೆಯಲ್ಲಿ ಒಂದೇ ಬಾಣ ಉಳಿದಿತ್ತು. “ಅಂಬವ್ವಾಯಿ ಹ್ಯಾಂಗ ಹತ್ತತಾಳ ಕೇಳು. ಎಪ್ಪತ್ತು ವರ್ಷದ ಜೀವ. ಆಕಿನ್ನ ಶೆಡ್ಡಿನಾಗ ಬಿಟ್ಟು ಹಬ್ಬ ಮಾಡೂದು ಪಾಪ.”

ಅಂಬವ್ವ ಮಲ್ಲಣ್ಣನ ತಾಯಿ. ಕೆಳಗೆ ಉಸುಕು ಸಾಣಿಸುವವಳು. ಈ ಸಲ ಉತ್ತರ ತಗಾರಿಯಲ್ಲಿ ಬರಲಿಲ್ಲ. ಸಾಣಿಗೆ ಹಿಡಿದುಕೊಂಡು ಮುದುಕಿಯೇ ನಾಲ್ಕಂತಸ್ತು ಏರಿ ಬಂದಳು. ಏದುಸಿರು ಕೂಡ ಇರಲಿಲ್ಲ.

“ಯಾಕೋ ದ್ಯಾವಪ್ಪಾ, ನನ್ನ ಕಾಲು ನಿನಗೇನ್ ಮಾಡ್ಯಾವು?”

“ಹಂಗಲ್ಲ ಎವ್ವಾ...”

“ಹ್ಯಾಂಗೂ ಬ್ಯಾಡ. ಮುಂದ ನೀನ ನಡೀಬೇಕು. ದಾರಿ ಗೊತ್ತಿದ್ದಾಂವ ನೀ ಒಬ್ಬನ.”

ಮಧ್ಯಾಹ್ನದ ಹೊತ್ತಿಗೆ ಎಂಟು ಮಂದಿಯ ಯೋಜನೆ ಇಪ್ಪತ್ತೊಂದಕ್ಕೆ ಏರಿತ್ತು. ಪ್ರತಿ ಮೆಟ್ಟಿಲಿನವರೂ ತಮ್ಮ ಕಡೆಯ ಇಬ್ಬರನ್ನು ಸೇರಿಸಿದ್ದರು. ಪುಂಡಿಪಲ್ಯ ಒಬ್ಬರ ಪಾಲಿಗೆ, ಶೇಂಗಾ ಹೋಳಿಗೆ ಇನ್ನೊಬ್ಬರ ಪಾಲಿಗೆ ಹಂಚಿಕೆಯಾಗಿತ್ತು. ದ್ಯಾವಪ್ಪನ ಪಾಲಿಗೆ ದಾರಿ.

ಹಬ್ಬದ ಹಿಂದಿನ ಸಂಜೆ ಅವನು ಜ್ವರ ತಂದುಕೊಳ್ಳುವ ನಿರ್ಧಾರ ಮಾಡಿ ಕಂಬಳಿ ಹೊದ್ದು ಮಲಗಿದ. ಶಂಕ್ರಮ್ಮ ಟ್ರಂಕಿನಿಂದ ಹಸಿರು ಇಳಕಲ್ ಸೀರೆ ತೆಗೆದು ಮಡಿಕೆ ಬಿಡಿಸುತ್ತ ಹೇಳಿದಳು, “ಲಗ್ನ ಆಗಿ ಇಪ್ಪತ್ತೆರಡು ವರ್ಷ ಆತು ನೋಡ್ರಿ. ದುಡಿಯಾಕ ಅಲ್ದ ಬ್ಯಾರೆ ಯಾವುದಕ್ಕೂ ನಿಮ್ಮ ಜೋಡಿ ಎಲ್ಲಿಗೂ ಹೋಗಿಲ್ಲ ನಾ.” ಆಕೆಯ ದನಿಯಲ್ಲಿ ದೂರಿರಲಿಲ್ಲ, ಬರೀ ಖುಷಿಯಿತ್ತು. ಕಂಬಳಿಯೊಳಗಿನ ಜ್ವರ ಅಲ್ಲೇ ಇಳಿಯಿತು.

ಮರುದಿನ ಉಪ್ಪಲ್‌ನಿಂದ ಬಸ್ಸು ಹಿಡಿದು ಭೋಂಗೀರ್‌ನಲ್ಲಿ ಇಳಿದರು. ಆನೆ ಮಲಗಿದಂಥ ಒಂದೇ ಬಂಡೆ. ಅದರ ಮೈಗೆ ಕೊರೆದ ಮೆಟ್ಟಿಲುಗಳು. “ನಡೀ ಕಾಕಾ,” ಎಂದ ಮಲ್ಲಣ್ಣ. ದ್ಯಾವಪ್ಪ ಮುದುಕಿಗೆ ಆಸರೆಯಾಗುವವನಂತೆ ಅಂಬವ್ವನ ಕೈ ಹಿಡಿದುಕೊಂಡ.

ಮೂವತ್ತನೆಯ ಮೆಟ್ಟಿಲಿಗೆ ಅಂಬವ್ವ ಅವನ ಅಂಗೈ ತಡವಿದಳು. “ಇಷ್ಟು ಥಂಡ್ಯಾಗ ಬೆವರೇನೋ ಇದು?” ಅವನು ಆಕೆಯ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. ಮುದುಕಿ ಅವನ ಮುಖ ನೋಡಿದಳು, ಮೆಟ್ಟಿಲು ನೋಡಿದಳು, ಎಲ್ಲ ತಿಳಿದುಕೊಂಡಳು.

“ಮೂರು ಸಲ ಹತ್ತಿದಾಂವ!” ಎಂದು ಮೆಲ್ಲಗೆ ನಕ್ಕಳು. “ಕೆಳಗ ನೋಡಬ್ಯಾಡ. ನನ್ನ ಹಿಮ್ಮಡ ನೋಡ್ಕೋತ ಬಾ. ಆದ್ರ ಇದು ಸಾಲ. ಮ್ಯಾಲ ಹೋದಮ್ಯಾಗ ಎಲ್ಲಾರ ಮುಂದ ಹೇಳ್ಬೇಕು, ಯಾರು ಯಾರನ್ನ ಹತ್ತಿಸಿದ್ರು ಅಂತ.”

“ತೀರಸ್ತೀನೆವ್ವಾ. ಮೊದಲ ಹತ್ತಸು.”

ಹಿಂದಿನಿಂದ ಭಾಗ್ಯಶ್ರೀ ಕೂಗುತ್ತಿದ್ದಳು, “ನೋಡ್ರಿ ನೋಡ್ರಿ, ದ್ಯಾವಪ್ಪ ಮಾಮಾ ಆಯಿನ್ನ ಎಷ್ಟು ಜ್ವಾಕಿಲೆ ಕರಕೊಂಡು ಹೊಂಟಾನ!”

ಮೇಲೆ ಹೊಂಡವಿತ್ತು, ಹುಲ್ಲೂ ಇತ್ತು. ಅದನ್ನು ಕಂಡು ಎಲ್ಲರಿಗಿಂತ ಹೆಚ್ಚು ಬೆರಗಾದವನು ದ್ಯಾವಪ್ಪ. ಶಂಕ್ರಮ್ಮ ಸೆರಗು ಸಿಕ್ಕಿಸಿ, ಹುಲ್ಲಿನ ತುಂಬ ಓಡಾಡಿ, “ಹುಲ್ಲುಲ್ಲಿಗ್ಯೋ!” ಎಂದು ಊರ ಹೊಲದಲ್ಲಿ ಕೂಗುವಂತೆಯೇ ಕೂಗುತ್ತ ಚರಗ ಚೆಲ್ಲಿದಳು. ಕೂಗು ಹಳೆಯ ಗೋಡೆಗೆ ತಾಗಿ ತಿರುಗಿ ಬಂತು. ಮೂರು ವರ್ಷದ ಭಾರ ಇಳಿದವಳಂತೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

ಎಲ್ಲರೂ ಸಾಲಾಗಿ ಉಣ್ಣಲು ಕೂತಾಗ ಅಂಬವ್ವ ದ್ಯಾವಪ್ಪನ ಪಕ್ಕೆ ತಿವಿದಳು. ಅವನು ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟ.

“ಒಂದು ಮಾತೈತಿ. ನಾ ಯಾವತ್ತೂ ಈ ಕ್ವಾಟಿ ಹತ್ತಿಲ್ಲ. ಮೂರು ಸಲ ಅಂದದ್ದು ಸುಳ್ಳು. ಇವತ್ತೂ ನಾ ಆಯಿನ್ನ ಹತ್ತಿಸಿಲ್ಲ, ಆಯಿನ ನನ್ನ ಎಳಕೊಂಡು ಬಂದ್ಲು.”

ಮಲ್ಲಣ್ಣ ಭಜ್ಜಿ ನೆತ್ತಿಗೇರುವಂತೆ ನಕ್ಕ. “ಹತ್ತಲಾರದಾಂವಗ ಈ ಹೊಂಡ, ಈ ಹುಲ್ಲು ಹ್ಯಾಂಗ ಗೊತ್ತಿತ್ತು ಕಾಕಾ?”

“ಚಾದಂಗಡ್ಯಾಂವ ಹೇಳಿದ್ದ...”

ಆ ಮಾತು ನಗೆಯಲ್ಲಿ ಮುಳುಗಿಹೋಯಿತು. “ಮುದುಕಿ ಮನಸಿಗೆ ಹಿತ ಆಗಲಿ ಅಂತ ಹಂಗಂತಾನ,” ಎಂದಳು ಭಾಗ್ಯಶ್ರೀ. ಶಂಕ್ರಮ್ಮ ಗಂಡನ ತಾಟಿಗೆ ಎರಡು ಹೋಳಿಗೆ ಹೆಚ್ಚಿಗೆ ಹಾಕಿ, ಎಲ್ಲರಿಗೂ ಕೇಳುವಂತೆ ಹೇಳಿದಳು, “ಇವರು ಮೊದಲಿಂದ ಹಿಂಗ ನೋಡ್ರಿ. ಮಾಡಿದ್ದು ಎಂದೂ ಹೇಳ್ಕೊಳ್ಳಂಗಿಲ್ಲ.”

ದ್ಯಾವಪ್ಪ ಅಂಬವ್ವನ ಕಡೆ ಬಾಗಿದ. “ಹೇಳೀನಿ ನೋಡೆವ್ವಾ. ತೀರಿತಲ್ಲ?”

“ಎಲ್ಲಿ ತೀರಿತು? ನೀ ಕೊಟ್ಟ ನೋಟು ಯಾರೂ ತಗೊಳ್ಳಲೇ ಇಲ್ಲಲ್ಲೋ.”

“ಹಂಗಾರ... ಇಳಿಯೂವಾಗ?”

“ಹಳೇದು ಬಾಕಿ ಇಟಗೊಂಡು ಹೊಸದು ಕೇಳ್ತಿಯೇನು?” ಎಂದು ಅಂಬವ್ವ ಕೈ ತೊಳೆಯಲು ಹೊಂಡದ ಕಡೆಗೆ ಎದ್ದಳು. ದ್ಯಾವಪ್ಪನೂ ಉಣ್ಣುವುದನ್ನು ಬಿಟ್ಟು ಹಿಂದೆಯೇ ಎದ್ದ. ಆ ಗುಡ್ಡದ ಮೇಲೆ ಆಕೆಯಿಂದ ಹತ್ತು ಮಾರು ದೂರ ಇರುವ ಧೈರ್ಯ ಅವನಿಗಿರಲಿಲ್ಲ.