ಕಲಾಂದ್ರಿಯಾಳ ಎದೆಬಡಿತ

ಕುದುರೆಯ ಎದೆಬಡಿತ ಕೇಳಬೇಕಾದರೆ ಅದರ ಎಡ ಮೊಣಕೈಯ ಹಿಂದೆ, ಜೀನಿನ ಪಟ್ಟಿ ಹಾಯುವ ಜಾಗಕ್ಕಿಂತ ತುಸು ಮುಂದೆ, ಸ್ಟೆತಸ್ಕೋಪನ್ನು ಒತ್ತಿ ಹಿಡಿಯಬೇಕು. ಇಷ್ಟನ್ನು ಪಾಸೋ ಹೊಂದೋ ಊರಿನ ಕ್ಲಬ್ಬಿನ ಕುದುರೆ ಮಾಲೀಕರಿಗೆ ಕಲಿಸುವಷ್ಟರಲ್ಲಿ ಪಶುವೈದ್ಯೆಯಾದ ನನ್ನ ಒಂದು ಇಡೀ ಶನಿವಾರ ಕಳೆದುಹೋಯಿತು. ಮಾಂಸದಂಗಡಿಯ ವಿಲ್ಮಾರ್ ಅದನ್ನು ಮೊದಲು ತನ್ನ ಎದೆಗೇ ಇಟ್ಟುಕೊಂಡು, "ಡಾಕ್ಟ್ರಮ್ಮ, ಏನೂ ಕೇಳಿಸ್ತಾನೇ ಇಲ್ವಲ್ಲ" ಎಂದ.

"ಹೃದಯ ಇದ್ದಿದ್ರೆ ತಾನೇ ಕೇಳ್ಸೋದು? ಮೂಳೆನೂ ತೂಕಕ್ಕೆ ಹಾಕೋನು ನೀನು," ಎಂದರು ಅವನ ಎದುರಂಗಡಿಯ ಬ್ರೆಡ್ಡಿನ ಭಟ್ಟಿಯ ದೋನ್ ಆದೆಮಾರ್.

ಎಲ್ಲರೂ ನಕ್ಕರು. ಮಾಟೆ ಎಂಬ ನಮ್ಮ ಕಹಿ ಎಲೆಯ ಚಹಾದ ಸೋರೆಬುರುಡೆ ಕೈಯಿಂದ ಕೈಗೆ ಹೋಯಿತು. ಒಬ್ಬರು ಕೊಳವೆಯಿಂದ ಹೀರಿ ಖಾಲಿ ಮಾಡುವುದು, ಇನ್ನೊಬ್ಬರು ಕಂಕುಳ ಫ್ಲಾಸ್ಕಿನಿಂದ ಬಿಸಿನೀರು ಹೊಯ್ದು ಮುಂದಿನವರಿಗೆ ಕೊಡುವುದು. ಸಾಕೆನಿಸಿದವರು ಬುರುಡೆ ಹಿಂದಿರುಗಿಸುವಾಗ 'ಗ್ರಾಸಿಯಾಸ್' ಎನ್ನಬೇಕು. ಉಪಕಾರವಾಯಿತು ಎಂಬ ಆ ಮಾತಿಗೆ ನಮ್ಮಲ್ಲಿ, ಬುರುಡೆ ಕೈಯಲ್ಲಿರುವಾಗ, 'ಇನ್ನು ನನಗೆ ಬೇಡ' ಎಂದೇ ಅರ್ಥ. ಪಾಠ ಮುಗಿಯಿತೆಂದು ನನಗೆ ತಿಳಿಯುತ್ತಿದ್ದದ್ದೂ ಹಾಗೆಯೇ. ನಾಲ್ಕೈದು ಗ್ರಾಸಿಯಾಸ್ ಕಿವಿಗೆ ಬಿದ್ದರೆ ನಾನು ಸೀಮೆಸುಣ್ಣ ಕೆಳಗಿಡುತ್ತಿದ್ದೆ.

ಶರತ್ಕಾಲದ ದೂರದೋಟದ ಪಂದ್ಯಕ್ಕೆ ಕುದುರೆ ಇಳಿಸಬೇಕಾದರೆ ಮಾಲೀಕರು ಈ ತರಗತಿ ಮುಗಿಸಲೇಬೇಕೆಂದು ಕ್ಲಬ್ಬು ಆ ವರ್ಷ ಹೊಸ ನಿಯಮ ಮಾಡಿತ್ತು. ಗೊರಸು, ಹಲ್ಲು, ಹೊಟ್ಟೆಶೂಲೆ, ನೀರು, ನಾಡಿ, ಎಲ್ಲವೂ ಪಾಠದಲ್ಲಿದ್ದವು. ಆದರೆ ಎಲ್ಲರಿಗೂ ಭಯವಿದ್ದದ್ದು ನಾಡಿಯದೇ. ಪಂದ್ಯದಲ್ಲಿ ಅರವತ್ತು ಕಿಲೋಮೀಟರ್ ಓಡಿದ ಮೇಲೆ ಕುದುರೆಗಳಿಗೆ ವಿರಾಮ ಇರುತ್ತದೆ. ಆ ವಿರಾಮದಲ್ಲಿ ಎದೆಬಡಿತ ನಿಮಿಷಕ್ಕೆ ಅರವತ್ತೈದಕ್ಕೆ ಇಳಿಯಲೇಬೇಕು. ಇಳಿಯದ ಕುದುರೆ ಉಳಿದ ದಾರಿ ಓಡುವಂತಿಲ್ಲ, ಲಾರಿ ಹತ್ತಿ ಮನೆಗೆ ಹೋಗಬೇಕು.

ದೋನ್ ಆದೆಮಾರರ ಹೆಣ್ಣು ಕುದುರೆ ಕಲಾಂದ್ರಿಯಾ ಹಿಂದಿನ ವರ್ಷ ಹಾಗೆ ಲಾರಿ ಹತ್ತಿದ್ದಳು. ಅವಳು ಕುಂಟಿರಲಿಲ್ಲ, ಮೇವು ಬಿಟ್ಟಿರಲಿಲ್ಲ, ಬೆವರೂ ಬೇಗನೆ ಆರಿತ್ತು. ಎದೆ ಮಾತ್ರ ಡೋಲಿನಂತೆ ಹೊಡೆದುಕೊಳ್ಳುತ್ತಿತ್ತು. ಎರಡನೆಯ ಸಲವೂ ಹಾಗಾದರೆ ಕ್ಲಬ್ಬು ಅವಳನ್ನು ಪಂದ್ಯದಿಂದ ಶಾಶ್ವತವಾಗಿ ದೂರವಿಡುತ್ತಿತ್ತು. ಅವಳಿಗೂ ವಯಸ್ಸಾಗುತ್ತಿತ್ತು, ಇನ್ನೊಂದು ಅವಕಾಶಕ್ಕೆ ಕಾಯುವಂತಿರಲಿಲ್ಲ. ಒಂದೇ ಒಂದು ಸಲ ಅವಳು ಕೊನೆಯ ಗೆರೆ ದಾಟುವುದನ್ನು ನೋಡಬೇಕು ಎನ್ನುವುದೇ ದೋನ್ ಆದೆಮಾರರ ಆಸೆ. ಸವಾರಿ ಮಾಡುವವಳು ಅವರ ತಂಗಿಯ ಮಗಳು ನಿಬಿಯಾ.

ದಿನಾ ಬೆಳಿಗ್ಗೆ ಜೀನು ಹಾಕುವ ಮೊದಲು ನಾಡಿ ಎಣಿಸಿಕೊಂಡು ಬನ್ನಿ ಎಂದು ನಾನು ಮನೆಪಾಠ ಕೊಟ್ಟಿದ್ದೆ. ಮುಂದಿನ ಶನಿವಾರ ಎಲ್ಲರೂ ಮೂವತ್ತು, ಮೂವತ್ತೈದು, ನಲವತ್ತು ಎಂದು ಒಪ್ಪಿಸಿದರು. ದೋನ್ ಆದೆಮಾರ್ ಮಾತ್ರ ಟೋಪಿಯ ಅಂಚು ತಿರುವುತ್ತಾ ನಿಂತಿದ್ದರು.

"ಐವತ್ತೆಂಟು," ಎಂದರು. "ಒಂದಿನ ಅರವತ್ತೂ ಬಂತು. ಸುಮ್ನೆ ನಿಂತಿರೋವಾಗ್ಲೇ ಹಿಂಗಾದ್ರೆ, ಹೃದಯದ ಕಾಯಿಲೆನೇ ಅಲ್ವಾ ಡಾಕ್ಟ್ರಮ್ಮ? ಮುಚ್ಚಿಡ್ಬೇಡಿ."

"ಮಾವ, ಡಾಕ್ಟ್ರು ಇನ್ನೂ ಮುಟ್ಟೂ ನೋಡಿಲ್ಲ. ಆಗ್ಲೇ ತಿಥಿ ಮಾಡ್ತೀಯಲ್ಲ," ಎಂದಳು ನಿಬಿಯಾ.

ಹೊಸಬರು ಮಾಡುವ ಒಂದು ತಪ್ಪು ಉಂಟು. ಹೃದಯದ ಒಂದು ಬಡಿತದಲ್ಲಿ ಲಬ್, ಡಬ್ ಎಂದು ಎರಡು ಸದ್ದು ಇರುತ್ತವೆ. ಎರಡನ್ನೂ ಬಿಡಿಬಿಡಿಯಾಗಿ ಎಣಿಸಿದರೆ ಲೆಕ್ಕ ಇಮ್ಮಡಿಯಾಗುತ್ತದೆ. ಹಾಗಾಗಿರಬಹುದೆಂದು ತರಗತಿ ಮುಗಿದ ಮೇಲೆ ಅವರ ಲಾಯಕ್ಕೆ ಹೋದೆ. ಕೆಲವರು ಕುತೂಹಲಕ್ಕೆ ಹಿಂದೆಯೇ ಬಂದರು. ದೋನ್ ಆದೆಮಾರ್ ಒಲೆ ನೋಡಲು ಒಳಗೆ ಹೋಗಿದ್ದಾಗ ನಾನು ಕಿವಿಗಿಟ್ಟು ಕೇಳಿದೆ. ಮೂವತ್ತಾರು. ಲಯ ಗಡಿಯಾರದಂತೆ. ಇಮ್ಮಡಿ ಎಣಿಸಿದ್ದರೆ ಎಪ್ಪತ್ತರ ಮೇಲೆ ಬರಬೇಕಿತ್ತು, ಐವತ್ತೆಂಟು ಬರಲು ಸಾಧ್ಯವಿರಲಿಲ್ಲ. ಯೋಚಿಸುತ್ತಿರುವಾಗಲೇ ದೋನ್ ಆದೆಮಾರ್ ಬಾಗಿಲಲ್ಲಿ ಕಾಣಿಸಿಕೊಂಡರು. ನನ್ನ ಕಿವಿಯಲ್ಲಿ ಬಡಿತ ಒಮ್ಮೆಲೇ ಓಡತೊಡಗಿತು. ಐವತ್ತಾರು!

"ನಿಮ್ಮನ್ನ ಕಂಡ ಕೂಡ್ಲೇ ಏರ್ತಿದೆ," ಎಂದೆ.

"ಸರಿಯಾಗೇ ಇದೆ," ಎಂದ ವಿಲ್ಮಾರ್. "ಬೆಳಿಗ್ಗೆ ಬೆಳಿಗ್ಗೆ ಈ ಮುಖ ಕಂಡ್ರೆ ನನಗೂ ಹಂಗೇ ಆಗುತ್ತೆ."

ದೋನ್ ಆದೆಮಾರರ ಮುಖ ಸಣ್ಣಗಾಯಿತು. "ಹೆದರ್ತಾಳಾ ನನಗೆ? ಒಂದು ಏಟೂ ಹೊಡ್ದಿಲ್ಲ ನಾನು ಅವಳಿಗೆ."

ಅದು ಹೆದರಿಕೆಯಲ್ಲ. ಅವಳ ಕಿವಿಗಳು ಮುಂದಕ್ಕೆ ನಿಮಿರಿದ್ದವು, ಮೂತಿ ಅವರತ್ತ ಚಾಚಿತ್ತು. ಹೀಗೆ ಗೊತ್ತಿಲ್ಲದ ಕಾರಣವನ್ನು ಹಿಡಿಯುವ ದಾರಿ ಒಂದೇ. ಒಂದೊಂದನ್ನೇ ತೆಗೆದು ನೋಡುವುದು. ಮೊದಲು ಟೋಪಿ ತೆಗೆಸಿದೆ. ಬಡಿತ ಇಳಿಯಲಿಲ್ಲ. ಹಿಟ್ಟಿನ ವಾಸನೆಯ ಕೋಟು ತೆಗೆಸಿದೆ. ಇಳಿಯಲಿಲ್ಲ. ಜೇಬು ಖಾಲಿ ಮಾಡಿಸಿದೆ, ಬೂಟು ಬಿಚ್ಚಿಸಿದೆ.

"ಡಾಕ್ಟ್ರಮ್ಮ, ಇನ್ನು ಪ್ಯಾಂಟೊಂದೇ ಉಳ್ದಿರೋದು," ಎಂದರು ಅವರು ಗಂಭೀರವಾಗಿ. "ಮದುವೆಯಾಗೋ ಹುಡುಗಿ ಇದಾಳೆ ಇಲ್ಲಿ."

"ಮೈಮೇಲಿರೋದೆಲ್ಲ ತೆಗ್ದಾಯ್ತಲ್ಲ? ಬೇರೇನೂ ಇಲ್ವಲ್ಲ?"

"ಏನಿದೆ ಇನ್ನು? ಬರೀ ಕೈ," ಎಂದು ಅವರು ಬಲಗೈ ಚಾಚಿ ತೋರಿಸಿದರು. ಕುದುರೆಯ ಹಿಂದೆ ನಿಂತಿದ್ದವರೆಲ್ಲ ಹೌದೆಂದರು. ನಾನೂ ಹೌದೆಂದೆ.

ಮತ್ತೆ ಎಣಿಸಲು ಬಗ್ಗಿದೆ. ಅಷ್ಟರಲ್ಲಿ ಅವರು ಎಡಗಂಕುಳಿಂದ ಫ್ಲಾಸ್ಕು ತೆಗೆದು ಅಲ್ಲಾಡಿಸಿ, "ನಿಬಿಯಾ, ನೀರು ಮುಗ್ದಿದೆ, ತುಂಬ್ಕೊಂಡ್ ಬಾಮ್ಮ" ಎಂದರು. ನಿಬಿಯಾ ಫ್ಲಾಸ್ಕು ಹಿಡಿದು ಅಡುಗೆಮನೆಗೆ ಹೋದಳು. ನನ್ನ ಕಿವಿಯಲ್ಲಿ ಬಡಿತ ನಿಧಾನವಾಗತೊಡಗಿತು. ಐವತ್ತು, ನಲವತ್ತನಾಲ್ಕು, ಮೂವತ್ತೆಂಟು. ದೋನ್ ಆದೆಮಾರ್ ನಿಂತಲ್ಲೇ ನಿಂತಿದ್ದರು. ಸ್ವಲ್ಪ ಹೊತ್ತಿಗೆ ನಿಬಿಯಾ ಅಂಗಳದ ಬಾಗಿಲು ದಾಟಿ ಬಂದಳು, ಫ್ಲಾಸ್ಕು ಅವಳ ಕಂಕುಳಲ್ಲಿ. ಬಡಿತ ನೆಗೆದು ಓಡಿತು.

"ಫ್ಲಾಸ್ಕು!" ಎಂದು ಕೂಗಿದೆ. ಯಾರಿಗೂ ಅರ್ಥವಾಗಲಿಲ್ಲ. ಅಲ್ಲಿದ್ದ ಪ್ರತಿಯೊಬ್ಬರ ಕಂಕುಳಲ್ಲೂ ಒಂದೊಂದು ಫ್ಲಾಸ್ಕಿತ್ತು. ನನ್ನದು ನಾನೇ ಒರಗಿಸಿಟ್ಟಿದ್ದು ಗಾಡಿಯ ಸೀಟಿನ ಮೇಲೆ ಉಳಿದಿತ್ತು. ಇಲ್ಲದಿದ್ದರೆ ಆ ಮೊದಲ ಮೂವತ್ತಾರೂ ನನಗೆ ಸಿಗುತ್ತಿರಲಿಲ್ಲ. ಉಳಿದವರು ಆಗ ಇನ್ನೂ ಗೇಟಿನ ಹೊರಗೇ ಹರಟುತ್ತಿದ್ದರು, ಆಮೇಲೆ ಬಂದು ನಿಂತದ್ದು ಅವಳ ಬಾಲದ ಹಿಂದೆ, ಅವಳ ಕಣ್ಣಿಗೆ ಬೀಳದ ಕಡೆ. ನಾವು ಟೋಪಿಯನ್ನು ಬಟ್ಟೆ ಎನ್ನುತ್ತೇವೆ, ಫ್ಲಾಸ್ಕನ್ನು ಕೈಕಾಲಿನ ಜೊತೆ ಲೆಕ್ಕ ಹಾಕುತ್ತೇವೆ.

"ಇವಳ ಹತ್ರ ನಿಂತು ಮಾಟೆ ಕುಡೀತೀರಾ?"

"ದಿನಾ. ಕೊನೇ ಗುಟುಕು ಗೊರ್ರ್ ಅಂದ ಮೇಲೆ ಅವಳಿಗೊಂದು ಗಟ್ಟಿ ಬಿಸ್ಕತ್ತು. ಮರಿ ಆಗಿದ್ದಾಗಿಂದ್ಲೂ."

"ಕಾಯಿಲೆ ಅಲ್ಲ ದೋನ್ ಆದೆಮಾರ್. ಬಿಸ್ಕತ್ತಿನ ಆಸೆ."

ಅವರು ಕುದುರೆಯ ಕೊರಳಿಗೆ ಹಣೆಯೊತ್ತಿ ಬಹಳ ಹೊತ್ತು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಹಂಗಾದ್ರೆ ಹೋದ ವರ್ಷ ವಿರಾಮದಲ್ಲಿ... ನಾನೇ ಪಕ್ಕದಲ್ಲಿ ಕೂತು ಕುಡೀತಿದ್ದೆ" ಎಂದರು.

ಕಲಿತದ್ದನ್ನು ಮರೆಸಬಹುದು. ಆದರೆ ವರ್ಷಗಟ್ಟಲೆ ಕಲಿತದ್ದು ಪಂದ್ಯದ ಹೊತ್ತಿಗೆ ಮರೆಯುವಂತಿರಲಿಲ್ಲ. ಅವಳ ಕಣ್ಣಿಗೆ ಫ್ಲಾಸ್ಕು ಬೀಳದಂತೆ ನೋಡಿಕೊಳ್ಳುವುದೊಂದೇ ಉಪಾಯ. ದೋನ್ ಆದೆಮಾರ್ ಅಭ್ಯಾಸ ಶುರುಮಾಡಿದರು. ಲಾಯಕ್ಕೆ ಬರಿಗೈಯಲ್ಲಿ ಹೋಗುವರು, ಆದರೆ ಎಡತೋಳು ತಾನಾಗಿಯೇ ಮಡಿಚಿಕೊಂಡು ಪಕ್ಕೆಗೆ ಅಂಟಿರುತ್ತಿತ್ತು.

"ಮುರಿದ ರೆಕ್ಕೆ ಕೋಳಿ ಥರ ಇದೀಯ," ಎಂದ ವಿಲ್ಮಾರ್.

"ಈ ಕೈನ ಎಲ್ಲಿಡಬೇಕು ಅಂತ ಗೊತ್ತಾಗ್ತಿಲ್ಲ ಕಣೋ."

ಪಂದ್ಯದ ದಿನ ಬಂತು. ಕುದುರೆಗಳು ಮೊದಲ ಹಂತ ಮುಗಿಸಿ ನೀಲಗಿರಿ ಮರಗಳ ಕೆಳಗೆ ಬಂದಾಗ ಕಲಾಂದ್ರಿಯಾ ನಡುಗುಂಪಿನಲ್ಲಿದ್ದಳು. ನಿಬಿಯಾ ಇಳಿದು ಜೀನು ಬಿಚ್ಚಿದಳು, ನಾವು ಕಾಲುಗಳಿಗೆ ತಣ್ಣೀರು ಹೊಯ್ದೆವು. ಆಗ ನಾನು ತಲೆಯೆತ್ತಿ ನೋಡಿದೆ. ಹಗ್ಗದಾಚೆ ಇಡೀ ಊರು ನಿಂತಿತ್ತು, ಇಡೀ ಊರಿನ ಕಂಕುಳಲ್ಲಿ ಫ್ಲಾಸ್ಕು. ಕಲಾಂದ್ರಿಯಾಳ ಕಿವಿಗಳು ನಿಮಿರಿದ್ದವು. ಎಣಿಸಿದೆ. ಎಂಬತ್ತೆರಡು. ದೋನ್ ಆದೆಮಾರ್ ನನ್ನ ಮುಖ ನೋಡಿ ಕೊರಳ ಕರವಸ್ತ್ರ ಬಿಚ್ಚಿಕೊಂಡರು.

ವಿಲ್ಮಾರನ ಕುದುರೆ ನಾಲ್ಕನೆಯದಾಗಿ ಬಂದು ಆಗಲೇ ನಾಡಿ ಪರೀಕ್ಷೆ ಪಾಸಾಗಿತ್ತು. ಅವನು ತನ್ನ ಮಾಂಸದ ವ್ಯಾನನ್ನು ಹಿಮ್ಮುಖವಾಗಿ ತಂದು, ಹಿಂಬಾಗಿಲು ತೆರೆದು, ಜನರ ಮುಂದೆ ನಿಂತ.

"ಹಾಕ್ರೋ ಫ್ಲಾಸ್ಕು ಒಳಗೆ! ಎಲ್ಲಾರ್ದೂ! ದೋನ್ಯಾ ಎಲ್ವಿರಾ, ನಿಮ್ಮದೂನು. ಪಾದ್ರಿಗಳೇ, ದೇವ್ರು ನೋಡ್ತಿದಾನೆ, ಅದನ್ನ ನಿಲುವಂಗಿಯೊಳಗೆ ಬಚ್ಚಿಡ್ಬೇಡಿ."

"ಯಾಕಪ್ಪಾ, ಯುದ್ಧ ಬಂತಾ?"

"ಅದಕ್ಕಿಂತ ದೊಡ್ಡದು. ಕಲಾಂದ್ರಿಯಾಗೆ ಬಿಸ್ಕತ್ತು ನೆನಪಾಗ್ತಿದೆ!"

ತರಗತಿಯವರು ಮೊದಲು ಹಾಕಿದರು, ಅವರ ಹಿಂದೆ ಒಬ್ಬೊಬ್ಬರಾಗಿ ಉಳಿದವರು. ವಿಲ್ಮಾರ್ ಬಾಗಿಲು ಮುಚ್ಚಿ ವ್ಯಾನನ್ನು ಮರಗಳ ಹಿಂದಕ್ಕೆ ಒಯ್ದ. ಕಂಕುಳು ಬರಿದಾದ ಜನ ಕೈಕಟ್ಟಿ, ಕೈಬಿಚ್ಚಿ, ಏನು ಮಾಡಬೇಕೆಂದು ತೋಚದೆ ನಿಂತರು.

ಪರೀಕ್ಷೆಯ ಪಶುವೈದ್ಯರು ಬೇರೆ ಊರಿನವರು. ಕುದುರೆಗಳನ್ನು ದಾಟುತ್ತಾ ನಮ್ಮತ್ತ ಬರುತ್ತಿದ್ದರು. ಎಡಗಂಕುಳಲ್ಲಿ ಉಕ್ಕಿನ ಹೊಚ್ಚಹೊಸ ಫ್ಲಾಸ್ಕು ಹೊಳೆಯುತ್ತಿತ್ತು. ದೋನ್ ಆದೆಮಾರ್ ಅವರ ಎದುರಿಗೆ ಓಡಿಯೇಬಿಟ್ಟರು.

"ಸ್ವಾಮಿ, ಅದನ್ನ ನನ್ನ ಕೈಗೆ ಕೊಡಿ."

"ಒಂದು ಮಾಟೆ ಬೇಕಿತ್ತಾ ಅಜ್ಜ?"

"ಬೇಡ. ನಾನು ದೂರ ಹೋಗ್ತೀನಿ ಅಷ್ಟೇ."

ಅವರು ಫ್ಲಾಸ್ಕನ್ನು ಎದೆಗೆ ಅವಚಿಕೊಂಡು ಕುದುರೆಗೆ ಬೆನ್ನು ತಿರುಗಿಸಿ, ಬೇಲಿ ದಾಟಿ ನಡೆದರು. ತಮ್ಮ ಕುದುರೆಯ ಪರೀಕ್ಷೆಯನ್ನು ನೋಡುವ ಭಾಗ್ಯವನ್ನೂ ಬಿಟ್ಟು ಹೋದರು. ವೈದ್ಯರು ನನ್ನತ್ತ ಹುಬ್ಬೇರಿಸಿ, ಬಗ್ಗಿ, ಕಿವಿಗಿಟ್ಟು ಎಣಿಸಿದರು. ಕಲಾಂದ್ರಿಯಾ ತಲೆ ತಗ್ಗಿಸಿ ಒಂದು ಕಾಲು ಸಡಿಲಿಸಿ ನಿಂತಳು.

"ಅರವತ್ತೊಂದು. ಹೋಗಬಹುದು."

ನಿಬಿಯಾ ಬೇಲಿಯತ್ತ ಕೂಗಿದಳು. "ಮಾವಾ! ಪಾಸು!"

ಕಲಾಂದ್ರಿಯಾ ಕೊನೆಯ ಗೆರೆ ದಾಟಿದಾಗ ಅವಳ ಹಿಂದೆ ಇನ್ನು ಎರಡೇ ಕುದುರೆಗಳಿದ್ದವು. ಗೆದ್ದವನಿಗೆ ಹೊಡೆದ ಚಪ್ಪಾಳೆ ಆಗಲೇ ಹಳತಾಗಿತ್ತು. ದೋನ್ ಆದೆಮಾರ್ ಅವಳನ್ನು ತಣಿಸಿ, ಎದೆಬಡಿತವನ್ನು ತಾವೇ ಎಣಿಸಿ, ನನ್ನತ್ತ ತಲೆಯಾಡಿಸಿದರು. ಲೆಕ್ಕ ಸರಿಯಾಗಿತ್ತು. ವಿಲ್ಮಾರ್ ವ್ಯಾನಿನ ಬಾಗಿಲು ತೆರೆದ. ಯಾರ ಫ್ಲಾಸ್ಕು ಯಾರದೆಂದು ಜಗಳ ಶುರುವಾಯಿತು.

ದೋನ್ ಆದೆಮಾರ್ ಬುರುಡೆಗೆ ಎಲೆ ತುಂಬಿ ನೀರು ಹೊಯ್ದು ಕಲಾಂದ್ರಿಯಾಳ ಪಕ್ಕದಲ್ಲೇ ಕುಳಿತರು. ಅವಳ ಎದೆ ಈಗ ಎಷ್ಟು ಬೇಕಾದರೂ ಹೊಡೆದುಕೊಳ್ಳಲಿ ಎಂದು ಯಾರೂ ಎಣಿಸಲು ಹೋಗಲಿಲ್ಲ. ಕೊಳವೆ ಗೊರ್ರ್ ಎಂದಿತು. ಜೇಬಿನಿಂದ ಬಿಸ್ಕತ್ತು ಹೊರಬಂತು. ಬುರುಡೆ ವಿಲ್ಮಾರನಿಗೆ ಹೋಯಿತು, ನನಗೆ ಬಂತು, ನಿಬಿಯಾಗೆ, ಪಾದ್ರಿಗೆ, ಮತ್ತೆ ವಿಲ್ಮಾರನಿಗೆ. ಬಿಸಿಲು ಮರಗಳಿಂದಿಳಿದು ಹುಲ್ಲಿನ ಮೇಲೆ ಬಂದರೂ ಯಾರ ಬಾಯಿಂದಲೂ ಗ್ರಾಸಿಯಾಸ್ ಬರಲಿಲ್ಲ.